ಯೊವಾನ್ನ 9: ಕಣ್ಣು ಬಂದವನನ್ನು ಕಂಡು ಒಬ್ಬರಾದರೂ ಖುಷಿಪಟ್ಟರಾ?

ಒರತೆ

ಎಲ್ಲರಿಗೂ ನಮಸ್ಕಾರ. ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ನಾಲ್ಕನೇ ಭಾನುವಾರಕ್ಕೆ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯ ಓದುತ್ತಿದ್ದೇನೆ. ಹುಟ್ಟುಕುರುಡನಿಗೆ ಯೇಸುಸ್ವಾಮಿ ಕಣ್ಣು ಕೊಟ್ಟ ಪ್ರಸಂಗ. ಎಲ್ಲರಿಗೂ ಗೊತ್ತಿರುವುದೇ. ಆದರೆ ಈ ಸಲ ಒಂದು ವಿಷಯ ತಲೆಯಿಂದ ಹೋಗುತ್ತಲೇ ಇಲ್ಲ.

ಅಧ್ಯಾಯದಲ್ಲಿ ಒಟ್ಟು 41 ವಚನ ಇವೆ. ಸ್ವಾಮಿ ಉಗುಳಿನಿಂದ ಕೆಸರು ಮಾಡಿ ಕಣ್ಣಿಗೆ ಹಚ್ಚಿದ್ದು, ಅವನು ಸಿಲೋವ ಕೊಳಕ್ಕೆ ಹೋಗಿ ತೊಳೆದುಕೊಂಡಿದ್ದು, ಕಣ್ಣು ಬಂದಿದ್ದು, ಎಲ್ಲಾ ಸೇರಿ ಎರಡೇ ವಚನದಲ್ಲಿ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ಬರೀ ವಿಚಾರಣೆ.

ಮೊದಲು ಅಕ್ಕಪಕ್ಕದವರು. "ಭಿಕ್ಷೆ ಬೇಡುತ್ತಾ ಕೂತಿರುತ್ತಿದ್ದವನು ಇವನೇ ಅಲ್ವಾ?" ಅಂತ ಕೆಲವರು. "ಅಲ್ಲ, ಅವನ ಹಾಗೆ ಕಾಣುತ್ತಾನೆ ಅಷ್ಟೇ" ಅಂತ ಇನ್ನು ಕೆಲವರು. ದಿನಾ ಅವನ ಮುಂದೆಯೇ ಓಡಾಡಿದವರು ಇವರು. ಇಷ್ಟು ದಿನ ಅವರು ನೋಡಿದ್ದು ಅವನ ಚಾಚಿದ ಕೈಯನ್ನು. ಮುಖವನ್ನು ನೋಡಿಯೇ ಇರಲಿಲ್ಲ ಅನಿಸುತ್ತದೆ. ಅವನೇ "ನಾನೇ ಅವನು" ಅಂತ ಹೇಳಿಕೊಳ್ಳಬೇಕಾಯಿತು.

ಆಮೇಲೆ ಫರಿಸಾಯರು, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯ ಪಂಗಡದವರು. ಆಮೇಲೆ ಅಪ್ಪ ಅಮ್ಮನನ್ನೂ ಕರೆಸಿದರು. ಮತ್ತೆ ಫರಿಸಾಯರು. ಕೇಳುವವರೆಲ್ಲರದ್ದೂ ಒಂದೇ ಪ್ರಶ್ನೆ: ಹೇಗಾಯಿತು? ಯಾರು ಮಾಡಿದರು? ಹುಟ್ಟಿದಾಗಿನಿಂದ ಬೆಳಕನ್ನೇ ಕಾಣದ ಮನುಷ್ಯ ಕಣ್ಣು ಬಿಟ್ಟುಕೊಂಡು ಎದುರಿಗೆ ನಿಂತಿದ್ದಾನೆ. "ಒಳ್ಳೇದಾಯ್ತಪ್ಪಾ" ಅಂತ ಒಬ್ಬರ ಬಾಯಿಂದಲೂ ಬರಲಿಲ್ಲ. ಮೊದಲಿನಿಂದ ಕೊನೆತನಕ ಹುಡುಕಿದೆ, ಎಲ್ಲೂ ಇಲ್ಲ.

ನನಗನಿಸಿದ್ದು ಇಷ್ಟು. ಎದುರಿಗೆ ನಿಂತ ಮನುಷ್ಯ ಕಾಣದೇ ಹೋಗುವುದು, ಅವನಲ್ಲಿ ನಮ್ಮ ವಾದಕ್ಕೆ ಬೇಕಾದ ಸಾಕ್ಷಿ ಮಾತ್ರ ಕಾಣುವುದು, ಈ ಅಧ್ಯಾಯ ಹೇಳುವ ಕುರುಡುತನ ಇದೇ. ತಪಸ್ಸುಕಾಲದಲ್ಲಿ "ಪ್ರಭುವೇ, ನನ್ನ ಕಣ್ಣು ತೆರೆ" ಅಂತ ಪ್ರಾರ್ಥಿಸುತ್ತೇವೆ. ಯಾವ ಕಣ್ಣು ಕೇಳುತ್ತಿದ್ದೇವೆ? ನೀವೆಲ್ಲ ಈ ಪಾಠವನ್ನು ಹೇಗೆ ಓದುತ್ತೀರಿ?

ಹಳೇದೀಪ

ಒಳ್ಳೆಯ ವಿಷಯ ಎತ್ತಿದ್ದೀರಿ. ದೀಕ್ಷಾಸ್ನಾನಕ್ಕೆ ತಯಾರಾಗುವ ದೊಡ್ಡವರಿಗೆ ನಾನು ಧರ್ಮೋಪದೇಶ ಹೇಳುತ್ತೇನೆ. ಅವರ ಜೊತೆ ಈ ಪಾಠವನ್ನು ನಿಧಾನವಾಗಿ ಓದುವುದು ರೂಢಿ.

ಈ ಭಾನುವಾರಕ್ಕೆ ಈ ಪಾಠ ಸುಮ್ನೆ ಬಂದಿಲ್ಲ. ಪೂಜೆಯಲ್ಲಿ ಓದುವ ಬೈಬಲ್ ಪಾಠಗಳ ಮೂರು ವರ್ಷದ ಸರಣಿಯ 'ಎ' ವರ್ಷದಲ್ಲಿ ಮೂರನೇ ಭಾನುವಾರ ಬಾವಿಯ ಹತ್ತಿರ ಸ್ವಾಮಿಯ ಜೊತೆ ಮಾತಾಡಿದ ಸಮಾರ್ಯದ ಹೆಂಗಸು, ನಾಲ್ಕನೇ ಭಾನುವಾರ ಹುಟ್ಟುಕುರುಡ, ಐದನೇ ಭಾನುವಾರ ಸ್ವಾಮಿ ಸಾವಿನಿಂದ ಎಬ್ಬಿಸಿದ ಲಾಜರ. ನೀರು, ಬೆಳಕು, ಜೀವ. ಪಾಸ್ಕ (ಈಸ್ಟರ್) ಜಾಗರಣೆಯ ರಾತ್ರಿ ದೀಕ್ಷಾಸ್ನಾನ ಪಡೆಯುವವರು ಇದ್ದರೆ ಬೇರೆ ವರ್ಷಗಳಲ್ಲೂ ಇವೇ ಪಾಠಗಳನ್ನು ಓದಬಹುದು. ಆ ಮೂರೂ ಭಾನುವಾರ ಅವರನ್ನು ಮುಂದೆ ಕರೆದು ಇಡೀ ಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ಸಿರಿಯನ್ ಆರ್ಥೊಡಾಕ್ಸ್ ಸಭೆಯಲ್ಲೂ ತಪಸ್ಸುಕಾಲದ ಆರನೇ ಭಾನುವಾರ ಕುರುಡನದ್ದೇ.

ಒರತೆಯವರೇ, ನೀವು ಹೇಳಿದ ವಿಚಾರಣೆಯನ್ನು ಇನ್ನೊಂದು ಸಲ ನೋಡಿ. ಪ್ರತಿ ಸಲ ಪ್ರಶ್ನೆ ಕೇಳಿದಾಗಲೂ ಆ ಮನುಷ್ಯನ ಉತ್ತರ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 11ನೇ ವಚನದಲ್ಲಿ "ಯೇಸು ಎಂಬ ಮನುಷ್ಯ". 17ರಲ್ಲಿ "ಆತ ಪ್ರವಾದಿ". 33ರಲ್ಲಿ "ದೇವರಿಂದ ಬಾರದಿದ್ದರೆ ಆತನಿಂದ ಏನೂ ಆಗುತ್ತಿರಲಿಲ್ಲ". 38ರಲ್ಲಿ "ಪ್ರಭುವೇ, ನಂಬುತ್ತೇನೆ" ಅಂತ ಅಡ್ಡಬೀಳುತ್ತಾನೆ. ಅವನನ್ನು ಬಗ್ಗಿಸಲು ಕೇಳಿದ ಪ್ರಶ್ನೆಗಳೇ ಅವನನ್ನು ಗಟ್ಟಿ ಮಾಡಿದವು.

ಫರಿಸಾಯರ ದಾರಿ ಇದಕ್ಕೆ ಉಲ್ಟಾ. 16ರಲ್ಲಿ ಅವರಲ್ಲೇ ಎರಡು ಅಭಿಪ್ರಾಯ ಇದೆ. 24ಕ್ಕೆ ಬಂದಾಗ "ಆತ ಪಾಪಿ ಅಂತ ನಮಗೆ ಗೊತ್ತು" ಅಂತಾರೆ. ಕೊನೆಗೆ ಅವನನ್ನು ಹೊರಗೆ ಹಾಕುತ್ತಾರೆ. ಒಬ್ಬ ಕತ್ತಲಿನಿಂದ ಬೆಳಕಿಗೆ ಬರುತ್ತಿದ್ದರೆ ಉಳಿದವರು ಬೆಳಕಿನಿಂದ ಕತ್ತಲಿಗೆ ಹೋಗುತ್ತಿದ್ದಾರೆ. ಅದೂ ಒಂದೇ ಘಟನೆಯನ್ನು ನೋಡಿಕೊಂಡು.

ಅದೇ ದಿನದ ಮೊದಲ ವಾಚನವನ್ನೂ ಬಿಡಬೇಡಿ, 1 ಸಮುವೇಲ 16. ಅರಸನನ್ನು ಆರಿಸಲು ಇಷಯನ ಮನೆಗೆ ಬಂದ ಪ್ರವಾದಿ ಸಮುವೇಲನಿಗೆ ಅವನ ದೊಡ್ಡ ಮಗ ಎಲೀಯಾಬನನ್ನು ನೋಡಿದ ಕೂಡಲೇ "ಇವನೇ ಅರಸ" ಅನಿಸಿಬಿಟ್ಟಿತು. ದೇವರು "ನೀನು ಹೊರಗಿನ ರೂಪ ನೋಡುತ್ತೀಯ, ನಾನು ಹೃದಯ ನೋಡುತ್ತೇನೆ" ಅಂದರು. ದಾವೀದನನ್ನು ಅವನ ಅಪ್ಪ ಕರೆಸಿಯೂ ಇರಲಿಲ್ಲ, ಕುರಿ ಕಾಯಲು ಬಿಟ್ಟಿದ್ದ. ಪ್ರವಾದಿಯ ಕಣ್ಣೂ ತಪ್ಪು ನೋಡುತ್ತದೆ ಅಂದಮೇಲೆ ನಮ್ಮದೇನು?

ಬೆರಳತುದಿ

ನಾನು ಹುಟ್ಟಿನಿಂದ ಕಣ್ಣು ಕಾಣದವಳು. ಇಲ್ಲಿ ಜಾಸ್ತಿ ಬರೆಯುವುದಿಲ್ಲ, ಓದಿಸಿಕೊಂಡು ಸುಮ್ಮನಿರುತ್ತೇನೆ. ಈ ಚರ್ಚೆಗೆ ಮಾತ್ರ ಬರೆಯಲೇಬೇಕು.

ಈ ಭಾನುವಾರ ಬಂತು ಅಂದರೆ ನನಗೆ ಮೊದಲೇ ಸಂಕಟ. "ಕುರುಡರಾಗಬೇಡಿ", "ಪಾಪ ನಮ್ಮನ್ನು ಕುರುಡು ಮಾಡುತ್ತದೆ", ಹೀಗೇ ಗುರುಗಳ ಪ್ರಸಂಗ (ಬೋಧನೆ) ಸಾಗುತ್ತದೆ. ಪೀಠದ ಮೇಲಿರುವವರಿಗೆ ಅದು ಒಂದು ಉಪಮೆ. ನನಗೆ ಅದು ನನ್ನ ಮೈ. ಒಮ್ಮೆ ಪೂಜೆ ಮುಗಿದ ಮೇಲೆ ಯಾರೋ ಬಂದರು. ಹೆಸರು ಹೇಳಲಿಲ್ಲ, ನನ್ನನ್ನು ಏನೂ ಕೇಳಲಿಲ್ಲ. ಎರಡೂ ಅಂಗೈಯಿಂದ ನನ್ನ ಕಣ್ಣು ಮುಚ್ಚಿ ಜೋರಾಗಿ ಪ್ರಾರ್ಥನೆ ಶುರು ಮಾಡಿದರು. ಅವರ ಉಂಗುರ ಹುಬ್ಬಿಗೆ ಒತ್ತುತ್ತಿತ್ತು. ಮುಗಿಸಿ "ವಿಶ್ವಾಸ ಸಾಲದು, ಏನೋ ಅಡ್ಡಿ ಇದೆ, ಪಾಪನಿವೇದನೆ ಮಾಡಮ್ಮಾ" ಅಂದು ಹೊರಟುಹೋದರು. ಅವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಅಧ್ಯಾಯ ಶುರುವಾಗುವುದೇ ಈ ಮಾತಿನಿಂದ ಅಲ್ವಾ? "ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ?" ಕೇಳಿದವರು ಹೊರಗಿನವರಲ್ಲ, ಶಿಷ್ಯರು. ಯೇಸುಸ್ವಾಮಿ ಎರಡನ್ನೂ ತಳ್ಳಿಹಾಕಿದರು. ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ. ಕೊನೆಯಲ್ಲಿ ಫರಿಸಾಯರು ಮತ್ತೆ ಅದನ್ನೇ ಅವನ ಮುಖಕ್ಕೆ ಎಸೆಯುತ್ತಾರೆ: "ಪಾಪದಲ್ಲೇ ಹುಟ್ಟಿದ ನೀನು ನಮಗೆ ಬೋಧಿಸುತ್ತೀಯಾ?" ಸ್ವಾಮಿ ಬಾಗಿಲಲ್ಲೇ ಮುಚ್ಚಿದ ಮಾತು ಅದು. ನಮ್ಮ ಪ್ರಸಂಗಗಳಲ್ಲಿ ಅದನ್ನು ಮತ್ತೆ ಮತ್ತೆ ಯಾಕೆ ತೆರೆಯುತ್ತಾರೆ?

ಇನ್ನೊಂದು. ನಾನು ಈ ಅಧ್ಯಾಯವನ್ನು ಬ್ರೈಲ್‌ನಲ್ಲಿ ಓದುತ್ತೇನೆ. ಬೆರಳು ಸಾಲಿನ ಮೇಲೆ ನಿಧಾನ ಹೋಗುವುದರಿಂದ ಕೆಲವು ಸಣ್ಣ ವಿಷಯಗಳಲ್ಲಿ ನಿಲ್ಲುತ್ತದೆ. ಕೆಸರು ಹಚ್ಚಿದಾಗ ಅವನಿಗೆ ಕಣ್ಣಿರಲಿಲ್ಲ. ಕೊಳದ ಹತ್ತಿರ ಕಣ್ಣು ಬಂದಾಗ ಸ್ವಾಮಿ ಅಲ್ಲಿರಲಿಲ್ಲ. "ಅವನೆಲ್ಲಿ?" ಅಂತ ಜನ ಕೇಳಿದರೆ "ಗೊತ್ತಿಲ್ಲ" ಅಂತಾನೆ. ಅಂದರೆ ಅಷ್ಟೂ ವಿಚಾರಣೆಯಲ್ಲಿ ಅವನು ಪಟ್ಟುಹಿಡಿದು ಸಾಕ್ಷಿ ಹೇಳಿದ್ದು ಒಮ್ಮೆಯೂ ನೋಡದೇ ಇದ್ದವರ ಪರವಾಗಿ. ಅವನ ಹತ್ತಿರ ಇದ್ದಿದ್ದು ಒಂದು ದನಿ, ಕಣ್ಣಿನ ಮೇಲೆ ಒಂದು ಸ್ಪರ್ಶ, ಅಷ್ಟೇ. ಹೊರಗೆ ಹಾಕಿಸಿಕೊಂಡ ಮೇಲೆ 37ನೇ ವಚನದಲ್ಲಿ ಸ್ವಾಮಿ ಹೇಳುತ್ತಾರೆ, "ನೀನು ಅವನನ್ನು ನೋಡಿದ್ದೀಯ, ನಿನ್ನ ಜೊತೆ ಮಾತಾಡುತ್ತಿರುವವನೇ ಅವನು." ಆ ದನಿ ಅವನಿಗೆ ಗುರುತಿತ್ತು ಅಂತ ನನಗೆ ಖಾತ್ರಿ.

ಒಳಗಣ್ಣು ಅಂತ ನೀವೆಲ್ಲ ಹೇಳುತ್ತೀರಲ್ಲ, ಅದು ಅವನಿಗೆ ಹೊರಗಣ್ಣಿಗಿಂತ ಮೊದಲೇ ತೆರೆದಿತ್ತು. ಕಿವಿಯ ದಾರಿಯಿಂದ.

ಒರತೆ

ಬೆರಳತುದಿ ಅವರೇ, ಬರೆದಿದ್ದಕ್ಕೆ ತುಂಬಾ ಧನ್ಯವಾದ. ಆ ದನಿಯ ವಿಷಯ ನಾನು ಇದುವರೆಗೆ ಯಾವ ವ್ಯಾಖ್ಯಾನದಲ್ಲೂ ಓದಿರಲಿಲ್ಲ. ರೋಮನರಿಗೆ ಬರೆದ ಪತ್ರದಲ್ಲಿ ಪೌಲರು ವಿಶ್ವಾಸ ಕೇಳುವುದರಿಂದ ಹುಟ್ಟುತ್ತದೆ ಅಂತಾರೆ, 10:17. ಈ ಮನುಷ್ಯನ ಕಥೆ ಅದೇ ಅಲ್ವಾ?

ನೀವು ಹೇಳಿದ ನೋವಿಗೆ ಉತ್ತರ ಅಧ್ಯಾಯದ ಕೊನೆಯ ವಚನದಲ್ಲೇ ಇದೆ. "ನಾವೂ ಕುರುಡರೋ?" ಅಂತ ಫರಿಸಾಯರು ಕೇಳಿದಾಗ ಸ್ವಾಮಿ ಹೇಳಿದ್ದು, "ಕುರುಡರಾಗಿದ್ದರೆ ನಿಮಗೆ ಪಾಪ ಇರುತ್ತಿರಲಿಲ್ಲ. 'ನಮಗೆ ಕಾಣುತ್ತದೆ' ಅನ್ನುತ್ತೀರಲ್ಲ, ಅದಕ್ಕೇ ನಿಮ್ಮ ಪಾಪ ಉಳಿದಿದೆ." ಪಾಪವನ್ನು ಅವರು ಕಟ್ಟಿದ್ದು ಕುರುಡುತನಕ್ಕಲ್ಲ, "ಕಾಣುತ್ತದೆ" ಅನ್ನುವ ಗರ್ವಕ್ಕೆ. ಇಡೀ ಪಾಠವನ್ನು ಈ ವಚನದಿಂದ ಹಿಂದಕ್ಕೆ ಓದಿಕೊಂಡು ಹೋಗಬೇಕು.

ಮರದನೆರಳು

ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಫರಿಸಾಯರನ್ನು ಇಷ್ಟು ಸುಲಭವಾಗಿ ಖಳರನ್ನಾಗಿ ಮಾಡಿದರೆ ಪಾಠ ನಮಗೆ ತಗಲುವುದೇ ಇಲ್ಲ.

ಅವರ ಪ್ರಶ್ನೆಗೆ ಬುಡ ಇತ್ತು. ಅದು ಸಬ್ಬತ್ ದಿನ, ಯೆಹೂದ್ಯರು ಕೆಲಸ ಮಾಡದೆ ವಿಶ್ರಮಿಸುವ ವಾರದ ಪವಿತ್ರ ದಿನ. ಸಬ್ಬತ್ ಆಚರಣೆ ದೇವರೇ ಕೊಟ್ಟ ಆಜ್ಞೆ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಗ್ರಹವಾದ ಮಿಷ್ನಾ ಎಂಬ ಯೆಹೂದ್ಯ ಧರ್ಮನಿಯಮಗಳ ಗ್ರಂಥದಲ್ಲಿ ಸಬ್ಬತ್‌ನಲ್ಲಿ ಮಾಡಬಾರದ 39 ಬಗೆಯ ಕೆಲಸಗಳ ಪಟ್ಟಿ ಇದೆ, ಕಲಸುವುದು, ನಾದುವುದು ಅದರಲ್ಲಿ ಒಂದು. ಮಣ್ಣು ಕಲಸಿ ಕೆಸರು ಮಾಡಿದ್ದು ಅವರ ಕಣ್ಣಿಗೆ ಬಿದ್ದಿದ್ದು ಅದಕ್ಕೇ. "ದೇವರ ಆಜ್ಞೆ ಮೀರುವವನು ದೇವರಿಂದ ಬಂದವನು ಹೇಗಾಗುತ್ತಾನೆ?" ಅನ್ನುವುದು ಭಕ್ತಿವಂತರ ಪ್ರಶ್ನೆಯೇ. ಯೇಸು, ಶಿಷ್ಯರು, ಆ ಮನುಷ್ಯ, ಅವನ ತಂದೆತಾಯಿ, ಎಲ್ಲರೂ ಯೆಹೂದ್ಯರೇ. ಹಾಗಾಗಿ ಇದನ್ನು ಯೆಹೂದ್ಯರ ಮೇಲಿನ ದೂರಾಗಿ ಓದಬಾರದು. ಹಾಗೆ ಓದಿ ಚರಿತ್ರೆಯಲ್ಲಿ ಎಷ್ಟು ಅನ್ಯಾಯ ಆಗಿದೆ ಅಂತ ನಮಗೆಲ್ಲ ಗೊತ್ತು.

ಶಾಸ್ತ್ರ ಬಲ್ಲವರು, ಉಪವಾಸ ಮಾಡುವವರು, ಜನಕ್ಕೆ ಪಾಠ ಹೇಳುವವರು ಇವರು. ತಪಸ್ಸುಕಾಲದಲ್ಲಿ ನಾವೆಲ್ಲ ಯಾರ ಹಾಗೆ ಇರುತ್ತೇವೆ? ಭಿಕ್ಷೆ ಬೇಡುವವನ ಹಾಗೋ, ಇವರ ಹಾಗೋ?

ಹಳೇದೀಪ

ಮರದನೆರಳು ಅವರು ಹೇಳಿದ್ದು ಪೂರ್ತಿ ಒಪ್ಪುತ್ತೇನೆ. 16ನೇ ವಚನದಲ್ಲಿ ಫರಿಸಾಯರಲ್ಲೇ ಕೆಲವರು "ಪಾಪಿಯಾದವನು ಇಂಥ ಸೂಚಕಕಾರ್ಯ ಮಾಡಲು ಸಾಧ್ಯವೇ?" ಅಂತ ಕೇಳಿದ್ದನ್ನು ಮರೆಯಬಾರದು. ಅವರಿಗೆ ಕಾಣಲು ಶುರುವಾಗಿತ್ತು. ಮುಂದಿನ ವಚನಗಳಲ್ಲಿ ಅವರ ದನಿ ಮತ್ತೆ ಕೇಳಿಸುವುದಿಲ್ಲ. ನನಗೆ ಅತಿ ದುಃಖ ಆಗುವ ಜಾಗ ಅದು.

ಇಬ್ಬರಮ್ಮ

ಎಲ್ಲರೂ ಮಗನ ಬಗ್ಗೆ, ಫರಿಸಾಯರ ಬಗ್ಗೆ ಬರೆದಿದ್ದೀರಿ. ನನಗೆ ಆ ಅಪ್ಪ ಅಮ್ಮನನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ.

ಮಗ ಜೀವನದಲ್ಲಿ ಮೊದಲ ಸಲ ಅಮ್ಮನ ಮುಖ ನೋಡುತ್ತಿದ್ದಾನೆ. ಅದು ಎಲ್ಲಿ? ವಿಚಾರಣೆ ಮಾಡುವವರ ಮುಂದೆಯೇ ಇರಬಹುದು. ಆ ಮುಖದಲ್ಲಿ ಅವನಿಗೆ ಕಂಡಿದ್ದು ಹೆದರಿಕೆ. "ಇವನು ನಮ್ಮ ಮಗ, ಹುಟ್ಟುಕುರುಡ, ಇಷ್ಟು ಗೊತ್ತು. ಈಗ ಹೇಗೆ ಕಾಣುತ್ತದೋ ಗೊತ್ತಿಲ್ಲ. ಪ್ರಾಯದವನು, ಅವನನ್ನೇ ಕೇಳಿ." ಯೇಸುವನ್ನು ಕ್ರಿಸ್ತ ಅಂತ ಒಪ್ಪಿಕೊಂಡವರನ್ನು ಪ್ರಾರ್ಥನಾಮಂದಿರದಿಂದ ಹೊರಗೆ ಹಾಕಬೇಕು ಅಂತ ಮೊದಲೇ ತೀರ್ಮಾನ ಆಗಿತ್ತು. ಹೊರಗೆ ಹಾಕುವುದು ಅಂದರೆ ಬಂಧುಬಳಗ, ಹಬ್ಬ, ಪ್ರಾರ್ಥನೆ, ಒಟ್ಟಿಗೆ ಬಾಳುವ ಜನ, ಎಲ್ಲಾ ಕಳೆದುಕೊಂಡ ಹಾಗೆ. ಮಗನಿಗೋಸ್ಕರ ವರ್ಷಗಟ್ಟಲೆ "ಯಾರ ಪಾಪವೋ" ಅನ್ನುವ ಮಾತು ಕೇಳಿಸಿಕೊಂಡ ದಂಪತಿ ಅವರು. ಇದ್ದ ಒಂದಿಷ್ಟು ಜಾಗವನ್ನೂ ಕಳೆದುಕೊಳ್ಳಲು ಹೆದರಿದರು.

ನನ್ನ ದೊಡ್ಡವನು ಈಗ ಪೂಜೆಗೆ ಬರುವುದಿಲ್ಲ. ಅವನ ಪ್ರಶ್ನೆಗಳು ಸುಳ್ಳಲ್ಲ. ಯಾರಾದರೂ "ಮಗ ಎಲ್ಲಿ?" ಅಂತ ಕೇಳಿದರೆ ನನ್ನ ಬಾಯಿಂದಲೂ "ಅವನನ್ನೇ ಕೇಳಿ" ಅಂತಲೇ ಬರುತ್ತದೆ. ಹಾಗಾಗಿ ಆ ತಾಯಿಯನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಹೆದರಿಕೆಯೂ ಕಣ್ಣು ಮುಚ್ಚಿಸುತ್ತದೆ ಅಂತ ಮಾತ್ರ ಹೇಳುತ್ತೇನೆ. ಗರ್ವ ಒಂದೇ ಅಲ್ಲ.

ಮರದನೆರಳು

ಅಕ್ಕಾ, ನೀವು ಹೇಳಿದ್ದು ಸತ್ಯ. ಗರ್ವದ ಕುರುಡಿಗೆ ಸ್ವಾಮಿ ಗಟ್ಟಿ ಮಾತು ಹೇಳುತ್ತಾರೆ. ಹೆದರಿದ ಆ ಅಪ್ಪ ಅಮ್ಮನ ಬಗ್ಗೆ ಅವರು ಒಂದು ಕಟು ಮಾತೂ ಆಡಿಲ್ಲ, ಗಮನಿಸಿ.

ಕಿರುದಾರಿ

ನಾನು ಸ್ವಲ್ಪ ವಿರೋಧವಾಗಿ ಬರೆಯಬೇಕಾಗಿದೆ. ಚರ್ಚೆ ಚೆನ್ನಾಗಿದೆ, ಆದರೆ ನಿಧಾನವಾಗಿ ಎಲ್ಲಾ ಮನುಷ್ಯರ ಮಟ್ಟಕ್ಕೇ ಇಳಿಯುತ್ತಿದೆ. ಪಕ್ಕದವರನ್ನು ನೋಡಿ, ಬಡವರನ್ನು ನೋಡಿ ಅಂತ ಹೇಳಲು ಶುಭಸಂದೇಶವೇ ಬೇಕಾ? ಅಧ್ಯಾಯ ಮುಗಿಯುವುದು ಆರಾಧನೆಯಲ್ಲಿ. "ಪ್ರಭುವೇ, ನಂಬುತ್ತೇನೆ" ಅನ್ನುವುದೇ ನಿಜವಾದ ಕಾಣುವಿಕೆ. ತಪಸ್ಸುಕಾಲ ಅಂದರೆ ಪ್ರಾರ್ಥನೆ, ಉಪವಾಸ, ಪಾಪನಿವೇದನೆ. ಕ್ರಿಸ್ತರನ್ನು ಕಾಣದೆ ಮನುಷ್ಯರನ್ನು ಮಾತ್ರ ಕಂಡರೆ ಅದು ಬರೀ ಸಮಾಜಸೇವೆ.

ಒರತೆ

ಕಿರುದಾರಿಯವರೇ, ಆರಾಧನೆ ಬೇಡ ಅಂತ ಯಾರೂ ಹೇಳುತ್ತಿಲ್ಲ. ಆದರೆ ಈ ಎರಡನ್ನೂ ಬಿಡಿಸಿ ಇಡಲು ಶುಭಸಂದೇಶ ನಮ್ಮನ್ನು ಬಿಡುತ್ತಾ?

ಮತ್ತಾಯ 25 ತೆಗೆದು ನೋಡಿ, ಕೊನೆಯ ತೀರ್ಪಿನಲ್ಲಿ ಪ್ರಭು ಜನರನ್ನು ಎಡಬಲಕ್ಕೆ ಬೇರ್ಪಡಿಸುವ ಜಾಗ. "ಪ್ರಭುವೇ, ನೀವು ಹಸಿದಿದ್ದನ್ನು ನಾವು ಯಾವಾಗ ನೋಡಿದೆವು?" ಈ ಪ್ರಶ್ನೆಯನ್ನು ಎಡಗಡೆಯವರೂ ಕೇಳುತ್ತಾರೆ, ಬಲಗಡೆಯವರೂ ಕೇಳುತ್ತಾರೆ. ಊಟ ಕೊಟ್ಟವರಿಗೂ ಅಲ್ಲಿ ಕ್ರಿಸ್ತರು ಕಂಡಿರಲಿಲ್ಲ! ಅವರಿಗೆ ಕಂಡಿದ್ದು ಹಸಿದ ಮನುಷ್ಯ. ಅಷ್ಟು ಕಂಡಿದ್ದನ್ನೇ ಪ್ರಭು ತನ್ನನ್ನು ಕಂಡ ಹಾಗೆ ಲೆಕ್ಕಕ್ಕೆ ತೆಗೆದುಕೊಂಡರು.

ಪುನರುತ್ಥಾನರಾದ ಸ್ವಾಮಿ ಇಬ್ಬರು ಶಿಷ್ಯರ ಜೊತೆ ಗುರುತು ಸಿಗದೆ ನಡೆದ ಎಮ್ಮಾವು ದಾರಿಯಲ್ಲೂ ಅಷ್ಟೇ. ದಾರಿಯುದ್ದಕ್ಕೂ ಶಾಸ್ತ್ರ ಬಿಡಿಸಿ ಹೇಳಿದಾಗ ಹೃದಯ ಕುದಿಯಿತು, ಕಣ್ಣು ತೆರೆಯಲಿಲ್ಲ. "ಹೊತ್ತಾಯಿತು, ನಮ್ಮ ಜೊತೆ ಉಳಿದುಕೊಳ್ಳಿ" ಅಂತ ಅಪರಿಚಿತನನ್ನು ಒತ್ತಾಯ ಮಾಡಿ ಒಳಗೆ ಕರೆದರು. ರೊಟ್ಟಿ ಮುರಿದಾಗ ಕಣ್ಣು ತೆರೆಯಿತು. ಅವರು ಅಪರಿಚಿತನನ್ನು ಮುಂದೆ ಹೋಗಲು ಬಿಟ್ಟಿದ್ದರೆ?

ಹಳೇದೀಪ

ನನ್ನದೂ ಒಂದು ಸಾಲು. ಲೂಕ 7ರಲ್ಲಿ, ಫರಿಸಾಯನಾದ ಸೀಮೋನನ ಮನೆಯ ಊಟದಲ್ಲಿ ಒಬ್ಬ ಹೆಂಗಸು ಕಣ್ಣೀರಿನಿಂದ ಸ್ವಾಮಿಯ ಪಾದ ತೊಳೆದಾಗ ಅವರು ಸೀಮೋನನನ್ನು ಕೇಳಿದ್ದು, "ಈ ಹೆಂಗಸನ್ನು ನೋಡುತ್ತಿದ್ದೀಯಾ?" ಸೀಮೋನನ ಕಣ್ಣು ಅವಳ ಮೇಲೆಯೇ ಇತ್ತು. ಆದರೂ ಸ್ವಾಮಿ ಕೇಳಬೇಕಾಯಿತು.

ಕಿರುದಾರಿ

ಮತ್ತಾಯ 25ರಲ್ಲಿ ಇಬ್ಬರೂ ಅದೇ ಪ್ರಶ್ನೆ ಕೇಳುತ್ತಾರೆ ಅನ್ನುವುದು ಒಳ್ಳೆಯ ಅಂಶ, ಅದರ ಮೇಲೆ ಧ್ಯಾನ ಮಾಡುತ್ತೇನೆ. ಆದರೂ ನನ್ನ ಕಾಳಜಿ ಉಳಿದಿದೆ. ಪ್ರಾರ್ಥನೆ ಇಲ್ಲದೆ ಆ ಕಣ್ಣು ಉಳಿಯುವುದಿಲ್ಲ. ಸೇವೆ ಮಾಡುತ್ತಾ ಮಾಡುತ್ತಾ ಮನುಷ್ಯರೇ ಬೇಸರವಾಗಿ ಹೋದವರನ್ನೂ ಕಂಡಿದ್ದೇನೆ.

ತಡರಾತ್ರಿ

ನಾನು ಇಲ್ಲಿ ಹೊಸಬ. ನೀವೆಲ್ಲ ಕಾಣುವುದರ ಬಗ್ಗೆ ಬರೆಯುತ್ತಿದ್ದೀರಿ. ನನಗೆ ತುಂಬಾ ದಿನದಿಂದ ಏನೂ ಕಾಣುತ್ತಿಲ್ಲ. ಪ್ರಾರ್ಥನೆಗೆ ಕೂರುತ್ತೇನೆ, ಬಾಯಿ ಹೇಳುತ್ತದೆ, ಒಳಗೆ ಕತ್ತಲು. ಉಪವಾಸ ಮಾಡಿದರೂ ಅಷ್ಟೇ. ಶಿಲುಬೆ ಹಾದಿಯ ಪ್ರಾರ್ಥನೆಯಲ್ಲಿ ಎಲ್ಲರೂ ಕಣ್ಣೀರು ಒರೆಸಿಕೊಳ್ಳುವಾಗ ನಾನು ಕಂಬದ ಹಾಗೆ ನಿಂತಿರುತ್ತೇನೆ. ಇದೂ ಪಾಪದ ಕುರುಡುತನವೇನಾ?

ಬೆರಳತುದಿ

ತಡರಾತ್ರಿ, ಇಲ್ಲ. "ಏನೋ ಅಡ್ಡಿ ಇದೆ" ಅಂತ ನಿಮಗೂ ಯಾರಾದರೂ ಹೇಳಿದರೆ ನಂಬಬೇಡಿ.

ನಿಮಗೆ ಒಬ್ಬರ ಬಗ್ಗೆ ಹೇಳುತ್ತೇನೆ. 4ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ದಿದಿಮುಸ್ ಅಂತ ಇದ್ದರು. ಎಳೆಯ ವಯಸ್ಸಿನಲ್ಲೇ ಕಣ್ಣು ಹೋಗಿತ್ತು. ಬ್ರೈಲ್ ಲಿಪಿ ಬರಲು ಇನ್ನೂ 1,400 ವರ್ಷಕ್ಕೂ ಹೆಚ್ಚು ಕಾಲ ಇತ್ತು. ಮರದ ಹಲಗೆಯಲ್ಲಿ ಕೊರೆದ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ಕಲಿತರು ಅಂತ ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ಮುಂದೆ ಅವರು ಆ ಊರಿನ ಹೆಸರಾಂತ ಧರ್ಮೋಪದೇಶ ಶಾಲೆಯ ಮುಖ್ಯಸ್ಥರಾದರು. ಸಂತ ಜೆರೋಮ್ ಈ ದಿದಿಮುಸ್‌ರ ಹತ್ತಿರ ಬಂದು ಪಾಠ ಕೇಳಿದರು. ಕಣ್ಣಿಲ್ಲದ ಆ ಮನುಷ್ಯನನ್ನು ಜೆರೋಮ್ 'ಕಾಣುವವರು' ಅಂತಲೇ ಕರೆದರು. ಕತ್ತಲು ಇದೆ ಅಂದ ಮಾತ್ರಕ್ಕೆ ದೇವರು ಇಲ್ಲ ಅಂತಲ್ಲ. ಕತ್ತಲೆಯಲ್ಲಿ ನಡೆಯುವುದು ನನಗೆ ದಿನದ ಬದುಕು. ಒಂದು ಹೆಜ್ಜೆಗೆ ಬೇಕಾದಷ್ಟು ತಿಳಿದರೆ ಸಾಕು, ಕಾಲು ಮುಂದೆ ಇಡಬಹುದು.

ಕಿರುದಾರಿ

ತಡರಾತ್ರಿ ತಮ್ಮಾ, ಬೆರಳತುದಿ ಅವರು ಹೇಳಿದ್ದನ್ನೇ ಇನ್ನೊಂದು ಕಡೆಯಿಂದ ಹೇಳುತ್ತೇನೆ. ಸ್ಪೇನಿನ ಸನ್ಯಾಸಿ, ಶಿಲುಬೆಯ ಸಂತ ಯೊವಾನ್ನರನ್ನು 1577ರ ಕೊನೆಯಲ್ಲಿ ಅವರದೇ ಸಭೆಯ ಸನ್ಯಾಸಿಗಳು ಹಿಡಿದು ತೊಲೆದೊದಲ್ಲಿ ಕೂಡಿಹಾಕಿದರು. ಬೆಳಕೇ ಸರಿಯಾಗಿ ಬಾರದ ಸಣ್ಣ ಕೋಣೆ, ಸುಮಾರು ಒಂಬತ್ತು ತಿಂಗಳು. ಇರುಳಿನ ದಾರಿಯಲ್ಲೂ ದೇವರು ಆತ್ಮವನ್ನು ತನ್ನ ಹತ್ತಿರ ಎಳೆದುಕೊಳ್ಳುತ್ತಾರೆ ಅಂತ ಬರೆದವರು ಅವರೇ. ಪ್ರಾರ್ಥನೆಯಲ್ಲಿ ರುಚಿ ಹೋದ ಕೂಡಲೇ ಅದನ್ನು ಪಾಪ ಅಂತ ತಿಳಿಯಬಾರದು ಅಂತಲೂ ಎಚ್ಚರಿಸಿದ್ದಾರೆ. ಕೂರುವುದನ್ನು ಮಾತ್ರ ಬಿಡಬೇಡಿ. ಒಬ್ಬರೇ ಹೊರಬೇಡಿ ಕೂಡ, ನಂಬಿಕೆಯ ಒಬ್ಬ ಗುರುಗಳ ಹತ್ತಿರ ಮಾತಾಡಿ. ನಿದ್ದೆ ಊಟ ಕೆಟ್ಟಿದ್ದರೆ ವೈದ್ಯರ ಹತ್ತಿರವೂ ಹೋಗಿ, ಅದರಲ್ಲಿ ಸಂಕೋಚ ಏನೂ ಇಲ್ಲ.

ಹಳೇದೀಪ

ಮಾರ್ಕ 8ರ ಬೆತ್ಸಾಯಿದದ ಕುರುಡನನ್ನೂ ನೆನೆಸಿಕೊಳ್ಳಿ. ಸ್ವಾಮಿ ಮೊದಲ ಸಲ ಕೈ ಇಟ್ಟಾಗ ಅವನಿಗೆ ಪೂರ್ತಿ ಕಾಣಲಿಲ್ಲ. ಜನ ಮರಗಳ ಹಾಗೆ ಕಂಡರು, ನಡೆದಾಡುತ್ತಿದ್ದರು. ಅವನು ಅದನ್ನು ಹಾಗೇ ಹೇಳಿದ. "ಚೆನ್ನಾಗಿ ಕಾಣುತ್ತಿದೆ ಸ್ವಾಮಿ" ಅಂತ ಸುಳ್ಳು ಹೇಳಲಿಲ್ಲ. ಸ್ವಾಮಿ ಎರಡನೇ ಸಲ ಕೈ ಇಟ್ಟರು. ತಡರಾತ್ರಿಯವರೇ, ನೀವು ಈಗ ಇಲ್ಲಿ ಬರೆದಿದ್ದು ಆ ಮನುಷ್ಯ ಹೇಳಿದ ಹಾಗೆಯೇ ಇದೆ.

ತಡರಾತ್ರಿ

ಮೂವರಿಗೂ ವಂದನೆ. ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಗುರುಗಳ ಹತ್ತಿರ ಹೋಗುತ್ತೇನೆ.

ಇಬ್ಬರಮ್ಮ

ಒಂದು ಸಹಾಯ ಬೇಕು. ನಮ್ಮ ಭಾನುವಾರದ ತರಗತಿಯ ಮಕ್ಕಳಿಗೆ ಈ ಪಾಠ ಮಾಡಬೇಕು. ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿ, ಆಮೇಲೆ ಬಿಚ್ಚಿ "ನೋಡಿ, ಯೇಸು ಬೆಳಕು" ಅಂತ ಹೇಳುವುದು ರೂಢಿಯಲ್ಲಿದೆ. ಬೆರಳತುದಿ ಅವರ ಮಾತು ಓದಿದ ಮೇಲೆ ಹಾಗೆ ಮಾಡಲು ಕೈ ಬರುತ್ತಿಲ್ಲ. ಬೇರೆ ಏನು ಮಾಡಬಹುದು?

ಬೆರಳತುದಿ

ಕೇಳಿದ್ದಕ್ಕೆ ಖುಷಿಯಾಯಿತು ಅಕ್ಕಾ. ಬಟ್ಟೆ ಕಟ್ಟಬೇಡಿ. ಮಕ್ಕಳಿಗೆ ಅದರಿಂದ ಕಲಿಯಲು ಸಿಗುವುದು ಹೆದರಿಕೆ ಮಾತ್ರ. ಕಣ್ಣು ಕಾಣದವರು ಅಂದರೆ ಯಾವಾಗಲೂ ಎಡವುವವರು ಅಂತ ಅವರ ತಲೆಯಲ್ಲಿ ಕೂತುಬಿಡುತ್ತದೆ.

ಬದಲಿಗೆ ಒರತೆಯವರ ಮೊದಲ ಪ್ರಶ್ನೆಯನ್ನೇ ಆಟ ಮಾಡಿ. ಒಬ್ಬರು ಕಣ್ಣು ಬಂದವನು. ಉಳಿದವರು ಅಕ್ಕಪಕ್ಕದವರು, ಅಪ್ಪ ಅಮ್ಮ, ಫರಿಸಾಯರು. ಮೊದಲು ಶುಭಸಂದೇಶದಲ್ಲಿ ಇರುವ ಹಾಗೇ ಮಾಡಿಸಿ. ಆಮೇಲೆ ಪ್ರತಿಯೊಬ್ಬರನ್ನೂ ಕೇಳಿ, "ನೀನು ಅಲ್ಲಿದ್ದಿದ್ದರೆ ಅವನಿಗೆ ಮೊದಲು ಏನು ಹೇಳುತ್ತಿದ್ದೆ?" ಅವರದೇ ಮಾತಿನಲ್ಲಿ ಹೇಳಲಿ, ತಿದ್ದಬೇಡಿ.

ದೊಡ್ಡ ಮಕ್ಕಳಿದ್ದರೆ ಮಾರ್ಕ 10 ಕೂಡ ಸೇರಿಸಿ. "ನಾನು ನಿನಗೆ ಏನು ಮಾಡಬೇಕು?" ಅಂತ ಸ್ವಾಮಿ ಅಲ್ಲಿ ಎರಡು ಸಲ ಕೇಳುತ್ತಾರೆ. ಒಮ್ಮೆ ಯಕೋಬ ಯೊವಾನ್ನರಿಗೆ, ಇನ್ನೊಮ್ಮೆ ಕುರುಡ ಬಾರ್ತಿಮಾಯನಿಗೆ. ಜೊತೆಯಲ್ಲೇ ನಡೆದ ಶಿಷ್ಯರು ಎಡಬಲದ ಆಸನ ಕೇಳಿದರು. ದಾರಿಬದಿಯಲ್ಲಿ ಕೂತವನು ಕಣ್ಣು ಕೇಳಿದ. ಇಬ್ಬರ ಉತ್ತರವನ್ನೂ ಪಕ್ಕಪಕ್ಕ ಇಡಿ, ಮಕ್ಕಳೇ ಮಾತಾಡುತ್ತಾರೆ.

ಇನ್ನೊಂದನ್ನೂ ಅವರಿಗೆ ತೋರಿಸಿ. ಬಾರ್ತಿಮಾಯನಿಗೆ ಏನು ಬೇಕು ಅಂತ ಯಾರಿಗಾದರೂ ಊಹಿಸಬಹುದಿತ್ತು. ಸ್ವಾಮಿ ಊಹಿಸಲಿಲ್ಲ. ಅವನನ್ನೇ ಕೇಳಿದರು, ಅವನು ಹೇಳುವತನಕ ಕಾದರು.

ಇಬ್ಬರಮ್ಮ

ಹೀಗೇ ಮಾಡುತ್ತೇನೆ. ಬೆರಳತುದಿ ಅವರೇ, ಮಕ್ಕಳು ಏನೇನು ಹೇಳಿದರು ಅಂತ ಭಾನುವಾರ ಸಂಜೆ ಇಲ್ಲಿಯೇ ಬರೆಯುತ್ತೇನೆ. ಮತ್ತೆ, ಇವತ್ತು ರಾತ್ರಿ ದೊಡ್ಡವನಿಗೆ ಫೋನ್ ಮಾಡಬೇಕು ಅಂದುಕೊಂಡಿದ್ದೇನೆ. ಪೂಜೆಗೆ ಯಾಕೆ ಬರಲ್ಲ ಅಂತ ಅಲ್ಲ. ಅವನಿಗೆ ನನ್ನಿಂದ ಏನು ಬೇಕು ಅಂತ ಕೇಳಲು.